ಕಾಲೂರಿ ನಿಂತ ಅಕ್ಷರ

ಆ ಊರಿನಲ್ಲಿ ಗೋಡೆಯ ಮೇಲಿದ್ದ ಮಾತನ್ನು ಯಾರೂ ಮನಸ್ಸಿನೊಳಗೇ ಓದಿಕೊಂಡು ಹೋಗುವಂತಿರಲಿಲ್ಲ. ಬಾಯಿಬಿಟ್ಟು ಓದಬೇಕಿತ್ತು. ಊರಬಾಗಿಲಿನ ಪಕ್ಕದಲ್ಲಿ ಉದ್ದಕ್ಕೆ ಒಂದು ಮಣ್ಣಿನ ಗೋಡೆ. ಹೊಲಕ್ಕೆ ಹೋಗುವವರು, ನೀರಿಗೆ ಹೋಗುವವರು, ಸಂತೆಗೆ ಹೋಗುವವರು, ಹೆಣ ಹೊತ್ತು ಹೋಗುವವರು, ಎಲ್ಲರೂ ಅದರ ಮುಂದೆಯೇ ಹಾಯಬೇಕು. ಹಾಯುವಾಗ ಅದರ ಮೇಲೆ ಏನಿದೆಯೋ ಅದನ್ನು ಹೇಳಬೇಕು. ಓದಲು ಬಾರದವರು ಮುಂದಿನವರು ಹೇಳಿದ್ದನ್ನೇ ಹೇಳಬೇಕು. ಯಾರು ಮಾಡಿದ ಕಟ್ಟಳೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕೇಳಿದವರೂ ಇಲ್ಲ. ಬಿಸಿಲಿಗೆ ಕಣ್ಣು ಕಿರಿದಾಗುವ ಹಾಗೆ, ಗೋಡೆ ಬಂದರೆ ಬಾಯಿ ತೆರೆದುಕೊಳ್ಳುತ್ತಿತ್ತು.

ಅಕ್ಷರ ಹೇಗಿದೆಯೋ ದನಿಯೂ ಹಾಗೇ ಬರುತ್ತಿತ್ತು. ನಡುಗುವ ಕೈ ಬರೆದದ್ದನ್ನು ಓದಿದರೆ ದನಿ ನಡುಗುತ್ತಿತ್ತು. ಒತ್ತೊತ್ತಾಗಿ ಬರೆದದ್ದನ್ನು ಓದಿದರೆ ಉಸಿರು ಕಟ್ಟುತ್ತಿತ್ತು. ಊರಿಗೆ ಯಾವ ದನಿ ಬೇಕೆಂಬುದು ಹೀಗೆ ಬರೆಯುವವನ ಕೈಯಲ್ಲಿತ್ತು.

ಬರೆಯುವವನು ಅಚ್ಚಿನ ಆಚಾರಿ, ಬಟ್ಟೆಗೆ ಒತ್ತುವ ಮರದ ಅಚ್ಚು ಕೆತ್ತುವವನು. ಗೋಡೆಗೆ ಅವನು ಬರೆಯುತ್ತಿದ್ದದ್ದು ಬಿದಿರುಕಡ್ಡಿಯಲ್ಲಿ, ಅಜ್ಜನ ಕಾಲದ ಅಕ್ಷರ: ಕೂದಲಿನಷ್ಟು ತೆಳು, ಬಳ್ಳಿಯ ಕುಡಿಯಷ್ಟು ದುಂಡು. ಅವನ ಹೆಂಡತಿ ಮೋನಮ್ಮ ದೀಪದ ಕಾಡಿಗೆಗೆ ಜಾಲಿ ಅಂಟು ಬೆರೆಸಿ ಮಸಿ ಅರೆದುಕೊಡುತ್ತಿದ್ದಳು. ‘ಬಡಗಿಯ ಮನೆಯಲ್ಲಿ ಹೆಣ್ಣು ಕೂಸು.’ ‘ಬಾವಿಯ ಹಗ್ಗ ಸವೆದಿದೆ, ಜೋಪಾನ.’ ‘ಕುರುಡಜ್ಜಿಗೆ ಸೊಂಟನೋವು, ಯಾರಾದರೂ ಸೌದೆ ಹಾಕಿ ಬನ್ನಿ.’ ಇಂಥ ಮಾತುಗಳನ್ನು ಊರು ಮೆತ್ತಗೆ, ಎಲೆ ಸರಸರ ಅಂದ ಹಾಗೆ ಅಂದುಕೊಂಡು ಹಾಯುತ್ತಿತ್ತು.

ಆಚಾರಿಗೆ ಮಾತ್ರ ಸಮಾಧಾನವಿರಲಿಲ್ಲ. ತಾನು ಬರೆದದ್ದನ್ನು ದೂರ ನಿಂತು ನೋಡುವನು, ಹತ್ತಿರ ಬರುವನು, ಮತ್ತೆ ದೂರ ಹೋಗುವನು. ಅಕ್ಷರಗಳೆಲ್ಲ ಗೋಡೆಯ ಮೇಲೆ ನಿಂತಿಲ್ಲ, ತೇಲುತ್ತಿವೆ ಎನ್ನಿಸುತ್ತಿತ್ತು. ಒಂದು ಗಾಳಿ ಜೋರಾಗಿ ಬೀಸಿದರೆ ಉರುಳಿಕೊಂಡು ಹೋಗಿಬಿಡುತ್ತವೆ ಎನ್ನಿಸುತ್ತಿತ್ತು.

“ಏನು ಕಡಿಮೆಯಾಗಿದೆ ಅದಕ್ಕೆ?” ಎಂದು ಮೋನಮ್ಮ ಕೇಳುತ್ತಿದ್ದಳು.

“ಕಾಲಿಲ್ಲ ಕಣೇ.”

“ಅಕ್ಷರಕ್ಕೆ ಕಾಲು ಯಾಕೆ? ಅದು ಎಲ್ಲಿಗೆ ಹೋಗಬೇಕು?”

“ಹೋಗೋದಕ್ಕಲ್ಲ. ನಿಲ್ಲೋದಕ್ಕೆ.”

ಮೋನಮ್ಮ ನಕ್ಕು ಮಸಿ ಅರೆಯಲು ಕೂರುತ್ತಿದ್ದಳು.

ಊರಿನ ಮೇಲ್ಗಡೆ ಒಂದು ದೊಡ್ಡ ಕೆರೆ. ಅದರ ಏರಿಯನ್ನು ನೋಡಿಕೊಂಡು, ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಬಿಡುತ್ತಿದ್ದವನು ನೀರಗಂಟಿ. ಹೆಂಡತಿ ಸತ್ತಿದ್ದಳು. ಇದ್ದವಳು ಒಬ್ಬಳೇ ಮಗಳು, ಗಂಗಿ. ಇನ್ನೂ ಹಾಲುಹಲ್ಲು ಬಿದ್ದಿರದ ಕೂಸು. ಒಂದು ಬೆಳಗ್ಗೆ ನೀರಗಂಟಿ ಏದುಸಿರು ಬಿಡುತ್ತಾ ಆಚಾರಿಯ ಅಂಗಳಕ್ಕೆ ಬಂದ.

“ಆಚಾರ್ರೇ, ಗಂಗಿ ಕಾಣ್ತಿಲ್ಲ. ಜಾಲಿಮೆಳೆ ಕಡೆ ಹೋದವಳು ಬಂದಿಲ್ಲ. ಗೋಡೆಗೆ ಹಾಕಿ.”

ಆಚಾರಿ ಓಡಿಹೋಗಿ ಬರೆದ. ‘ಗಂಗಿ ಕಾಣೆಯಾಗಿದ್ದಾಳೆ. ಗಂಗೀ, ಎಲ್ಲಿದ್ದೀಯೆ?’ ಜನ ಬಂದರು, ಓದಿದರು. ಆದರೆ ಅಕ್ಷರ ಕೂದಲಿನಷ್ಟು ತೆಳುವಲ್ಲವೆ, ದನಿಯೂ ಅಷ್ಟೇ ತೆಳು. ‘ಗಂಗೀ, ಎಲ್ಲಿದ್ದೀಯೆ’ ಎಂದು ಊರೆಲ್ಲ ಪಿಸುಗುಟ್ಟಿತು. ಪಿಸುಮಾತು ಊರಬಾಗಿಲನ್ನೂ ದಾಟಲಿಲ್ಲ. ಕೆಲವರು ಮೆಳೆಯ ಕಡೆ ಹೋಗಿ ಕೂಗಿದರು. ಮೆಳೆ ದೊಡ್ಡದು, ಒಬ್ಬಿಬ್ಬರ ಕೂಗು ಮುಳ್ಳಿಗೆ ಸಿಕ್ಕಿ ಹರಿದುಹೋಯಿತು. ನೀರಗಂಟಿ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹಾಯುವವರ ಬಾಯನ್ನೇ ನೋಡುತ್ತಿದ್ದ.

ಆಚಾರಿಗೆ ಅದನ್ನು ನೋಡಲಾಗಲಿಲ್ಲ. ಮನೆಗೆ ಬಂದವನೇ ಹಲಸಿನ ಹಲಗೆ ಎಳೆದುಕೊಂಡು, ಉಳಿ ಕೊಡತಿ ಹಿಡಿದು ಕೂತ.

ಮೊದಲು ‘ಗ’. ಅವನು ಅಷ್ಟು ವರ್ಷ ಬರೆದಿದ್ದರೂ ನೋಡಿರಲಿಲ್ಲ: ‘ಗ’ಕ್ಕೆ ಎರಡು ಕಾಲಿದ್ದವು. ಕಮಾನಿನ ಹಾಗೆ ಎದ್ದು, ಎರಡೂ ಕಡೆ ಇಳಿದು, ನೆಲ ಮುಟ್ಟುವ ಮುಂಚೆಯೇ ನಾಚಿಕೊಂಡು ನಿಂತುಬಿಡುತ್ತಿದ್ದ ಕಾಲುಗಳು. ಅವನು ಅವುಗಳಿಗೆ ಪಾದ ಕೊಟ್ಟ. ಅಗಲವಾದ, ಚಪ್ಪಟೆಯಾದ, ಎರಡೂ ಬದಿಗೆ ಚೂಪಾಗಿ ಚಾಚಿದ ಪಾದ. ಆಮೇಲೆ ಮೈ ತುಂಬಿಸಿದ. ತುಂಬಿಸುತ್ತಾ ಹೋದರೆ ಅಕ್ಷರದ ಹೊಟ್ಟೆಯೊಳಗಿನ ಬಯಲು ಮುಚ್ಚಿಹೋಗಿ ಕೆಸರಿನ ಉಂಡೆಯಂತಾಯಿತು. ಆ ಹಲಗೆಯನ್ನು ಎಸೆದ. ಇಳಿಯುವ ಗೆರೆಯನ್ನು ತೋಳಿನಷ್ಟು ದಪ್ಪ ಮಾಡಿದ, ತಿರುಗುವ ಗೆರೆಯನ್ನು ಬೆರಳಿನಷ್ಟು ತೆಳು ಮಾಡಿದ. ತಲೆಕಟ್ಟಿನ ತುದಿಗೂ ಪಾದದಂಥದೇ ಒಂದು ಚೂಪು ಕೊಟ್ಟ. ಸೊನ್ನೆಯನ್ನು ಏನು ಮಾಡುವುದು? ಅದಕ್ಕೆ ಕಾಲೇ ಇಲ್ಲ. ಅದರ ಎರಡು ಪಕ್ಕೆಗಳನ್ನು ದಪ್ಪ ಮಾಡಿ, ಕೆಳಗೆ ಕೊಂಚ ಚಪ್ಪಟೆ ಮಾಡಿ, ನೆಲದ ಮೇಲೆ ಇಟ್ಟ ಗುಂಡುಕಲ್ಲಿನ ಹಾಗೆ ಕೂರಿಸಿದ. ಗುಡಿಸನ್ನು ಏರಿಸಿ, ದೀರ್ಘವನ್ನು ಎಳೆದ.

ಮೋನಮ್ಮ ಮಸಿ ತಂದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಚ್ಚುಗಳನ್ನು ಗೋಡೆಗೆ ಒತ್ತಿ ತೆಗೆದರು.

ಗಂಗೀ.

ಅಷ್ಟೇ. ಮನುಷ್ಯನೆತ್ತರದ ಕಪ್ಪು ಅಕ್ಷರ, ಗೋಡೆಗೆ ಕಾಲೂರಿ ನಿಂತಿತ್ತು. ಆ ಹೊತ್ತಿಗೆ ಹಾದುಹೋಗುತ್ತಿದ್ದ ಒಬ್ಬ ಕುಂಬಾರಗಿತ್ತಿ ಬಾಯಿ ತೆರೆದಳು. ಅವಳ ಎದೆಯೊಳಗಿಂದ ಅವಳಿಗೇ ಗುರುತಿರದ ಒಂದು ದನಿ ಎದ್ದುಬಂತು. “ಗಂಗೀ!” ತಲೆಯ ಮೇಲಿದ್ದ ಗಡಿಗೆ ನಡುಗಿತು. ಅವಳ ಹಿಂದಿದ್ದವನು ಕೂಗಿದ. ಅವನ ಹಿಂದಿದ್ದವರು ಕೂಗಿದರು. ಕೂಗು ಕೇಳಿ ಮನೆಯೊಳಗಿದ್ದವರು ಹೊರಗೆ ಬಂದರು, ಗೋಡೆ ನೋಡಿದರು, ಅವರೂ ಕೂಗಿದರು. ಊರಿಗೆ ಊರೇ ಒಂದು ಬಾಯಾಯಿತು. ಮೆಳೆಯಿಂದ ಹಕ್ಕಿಗಳೆಲ್ಲ ಎದ್ದು ಹಾರಿದವು.

ಮೆಳೆಯ ನಡುವೆ ಒಂದು ಬಂಡೆಯ ಸಂದಿಯಲ್ಲಿ ಅತ್ತು ಅತ್ತು ನಿದ್ದೆಹೋಗಿದ್ದ ಗಂಗಿ ಕಣ್ಣುಬಿಟ್ಟಳು. ದನಿ ಬಂದ ಕಡೆಗೆ ನಡೆದಳು. ಮೈಯೆಲ್ಲ ಮುಳ್ಳುಗೀರು, ಒಂದು ಕಾಲಿಗೆ ಚಪ್ಪಲಿ ಇಲ್ಲ. ಅಪ್ಪನ ಹತ್ತಿರ ಬಂದು, “ಯಾಕೆ ಎಲ್ಲರೂ ನನ್ನ ಬೈತಿದ್ದಾರೆ?” ಎಂದು ಕೇಳಿದಳು.

ನೀರಗಂಟಿ ಮಗಳನ್ನು ಎತ್ತಿಕೊಂಡು ಆಚಾರಿಯ ಕಾಲಿಗೆ ಬೀಳಲು ಹೋದ. ಆಚಾರಿ ತಡೆದ. ಆದರೆ ಅವನ ಕಣ್ಣು ನೀರಗಂಟಿಯ ಮೇಲಿರಲಿಲ್ಲ. ಗೋಡೆಯ ಮೇಲಿತ್ತು. ಮೊದಲ ಸಲ ಅವನ ಅಕ್ಷರ ತೇಲುತ್ತಿರಲಿಲ್ಲ.

ಆಮೇಲೆ ಎಲ್ಲರಿಗೂ ದಪ್ಪಕ್ಷರ ಬೇಕಾಯಿತು. ಅದೇನು ತಪ್ಪಲ್ಲ. ಮಗುವನ್ನು ಹುಡುಕಿಕೊಟ್ಟ ಅಕ್ಷರ ತಮ್ಮ ಮಾತಿಗೂ ಇರಲಿ ಎಂದು ಯಾರಿಗೆ ಅನ್ನಿಸುವುದಿಲ್ಲ? ಗಾಣಿಗ ಬಂದ. “ನನ್ನ ಎಣ್ಣೆ ಒಳ್ಳೇದು ಅಂತ ಇಷ್ಟು ದಿನ ಪಿಸುಗುಟ್ಟಿದ್ದು ಸಾಕು ಆಚಾರ್ರೇ.” ಮದುವೆಯವರು ಬಂದರು. ಕಳೆದ ಎಮ್ಮೆಯವರು ಬಂದರು. ಎಮ್ಮೆ ಸಿಕ್ಕಿದವರು ಬಂದರು. ಆಚಾರಿ ಒಂದೊಂದೇ ಅಕ್ಷರಕ್ಕೆ ಮೈ ತುಂಬಿಸಿ ಪಾದ ಕೊಡುತ್ತಾ ಹೋದ. ‘ರ’ ಮತ್ತು ‘ಠ’ ಸುಲಭಕ್ಕೆ ಬಗ್ಗಲಿಲ್ಲ. ‘ಮ’ದ ಒಳಗಿನ ಬಯಲು ಹಟ ಹಿಡಿದು ಮುಚ್ಚಿಕೊಳ್ಳುತ್ತಿತ್ತು. ಅವನು ಊಟದ ಮುಂದೆ ಕೂತರೆ ಬೆರಳು ತಟ್ಟೆಯ ಅಂಚಿನಲ್ಲಿ ಅಕ್ಷರದ ಬೆನ್ನು ಹುಡುಕುತ್ತಿತ್ತು.

ಗೋಡೆ ತುಂಬಿತು. ಹಾಯುವವರು ಈಗ ಬೇಗ ಹಾಯುವಂತಿರಲಿಲ್ಲ, ಎಲ್ಲವನ್ನೂ ಕೂಗಿ ಮುಗಿಸಬೇಕು. ಎಣ್ಣೆ, ಮದುವೆ, ಎಮ್ಮೆ, ಹುಣಸೆಹಣ್ಣು, ಅಮಾವಾಸ್ಯೆ, ಎಲ್ಲಕ್ಕೂ ಒಂದೇ ದನಿ. ಬೆಳಗ್ಗೆ ಶುರುವಾದ ಕೂಗು ಕತ್ತಲಾಗುವವರೆಗೂ ನಿಲ್ಲುತ್ತಿರಲಿಲ್ಲ. ಹೊರಗೆ ಕೂಗಿದ ಗಂಟಲು ಒಳಗೆ ಬಂದರೂ ಇಳಿಯುತ್ತಿರಲಿಲ್ಲ. “ಉಪ್ಪು ಕೊಡು” ಎಂದರೆ ಬೆಂಕಿ ಬಿದ್ದಂತಿರುತ್ತಿತ್ತು. ಕೂಸುಗಳು ಜೋಗುಳಕ್ಕೆ ಬೆಚ್ಚಿ ಎದ್ದು ಅಳುತ್ತಿದ್ದವು. ಮೆಳೆಯಿಂದ ಎದ್ದು ಹೋದ ಹಕ್ಕಿಗಳು ತಿರುಗಿ ಬರಲಿಲ್ಲ. ಮೂಲೆಯಲ್ಲಿ ಯಾರಾದರೂ ಬಿದಿರುಕಡ್ಡಿಯಲ್ಲಿ ಏನಾದರೂ ಬರೆದರೆ ಅದು ಕಣ್ಣಿಗೂ ಕಾಣುತ್ತಿರಲಿಲ್ಲ, ಬಾಯಿಗೂ ಬರುತ್ತಿರಲಿಲ್ಲ. ಕುರುಡಜ್ಜಿಯ ಸೊಂಟನೋವು ಯಾವಾಗ ಹೆಚ್ಚಾಯಿತೋ, ಅವಳು ಯಾವಾಗ ಸತ್ತಳೋ ಊರಿಗೆ ಗೊತ್ತಾಗಲಿಲ್ಲ.

“ಕೇಳು, ಕೇಳು,” ಎಂದು ಆಚಾರಿ ಹೆಂಡತಿಯನ್ನು ಹೊಸ್ತಿಲಿಗೆ ಕರೆದು ನಿಲ್ಲಿಸುತ್ತಿದ್ದ. “ಅದೆಲ್ಲ ನನ್ನ ಉಳಿಯ ದನಿ.”

“ನೀವು ಅಕ್ಷರಕ್ಕೆ ಬಾಯಿ ಕೊಟ್ಟಿರಿ. ಕಿವಿ ಕೊಡಲಿಲ್ಲ,” ಎಂದಳು ಮೋನಮ್ಮ.

ಅವಳು ಅಂದದ್ದು ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಿತೋ ಏನೋ.

ಆ ವರ್ಷ ಕೆರೆ ತುಂಬಿತು. ನೀರಗಂಟಿ ಏರಿಯ ಹೊರಮೈಯಲ್ಲಿ, ಒಣಗಿರಬೇಕಾದ ಜಾಗದಲ್ಲಿ ಒಂದು ಒದ್ದೆಯ ಗುರುತನ್ನು ಕಂಡ. ಅಂಗೈಯಷ್ಟಿತ್ತು. ಮಾರನೆಯ ದಿನ ಮೊರದಷ್ಟಾಗಿತ್ತು. ಅವನು ಆಚಾರಿಯ ಹತ್ತಿರ ಬಂದ.

“ಏರಿ ಒಸರ್ತಾ ಇದೆ ಆಚಾರ್ರೇ. ಈಗಲೇ ನಾಲ್ಕು ಜನ ಬಂದು ಜೇಡಿಮಣ್ಣು ತುಂಬಿ ತುಳಿದರೆ ನಿಲ್ಲತ್ತೆ. ಗೋಡೆಗೆ ಹಾಕಿ. ಸಣ್ಣದರಲ್ಲೇ ಹಾಕಿ. ಜನ ಗಾಬರಿಯಾಗೋದು ಬೇಡ.”

ಆಚಾರಿ ಎಣ್ಣೆಗೂ ಎಮ್ಮೆಗೂ ನಡುವೆ ಉಳಿದಿದ್ದ ಸಂದಿಯಲ್ಲಿ ಬಿದಿರುಕಡ್ಡಿಯಿಂದ ಬರೆದ. ಯಾರೂ ಓದಲಿಲ್ಲ. ಊರಿನ ಯಜಮಾನರೊಬ್ಬರೇ ಓದಿದರು. ಗೋಡೆಯ ಮೇಲೆ ತಮ್ಮ ಹೆಸರಿನ ಆಸುಪಾಸು ಏನಾದರೂ ಇದೆಯೋ ಎಂದು ಹುಡುಕುವುದು ಅವರಿಗೆ ರೂಢಿ. ಆ ಏರಿ ಕಟ್ಟಿಸಿದ್ದು ಅವರ ಅಜ್ಜ.

ಯಜಮಾನರು ನೇರ ಆಚಾರಿಯ ಅಂಗಳಕ್ಕೆ ಬಂದರು. ಕೂರಲಿಲ್ಲ.

“ನಮ್ಮಜ್ಜ ಕಟ್ಟಿಸಿದ ಏರಿ ಒಸರತ್ತೇನಯ್ಯ?”

“ನಾನು ನೋಡಿಲ್ಲ ಸ್ವಾಮಿ. ನೀರಗಂಟಿ ಹೇಳಿದ.”

“ಅವನು ಸುಳ್ಳುಗಾರ. ಹಾಗಂತ ಹಾಕು. ದಪ್ಪದರಲ್ಲಿ ಹಾಕು.”

ಆಚಾರಿ ಆಗುವುದಿಲ್ಲ ಎನ್ನಬೇಕೆಂದು ತಲೆಯೆತ್ತಿದ. ನೀರಗಂಟಿ ಸುಳ್ಳು ಹೇಳುವವನಲ್ಲ ಎಂದು ಅವನಿಗೆ ಗೊತ್ತಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು ಕೂಡ. ಅಷ್ಟರಲ್ಲಿ ಅವನ ಕಣ್ಣು ಪಕ್ಕದಲ್ಲಿದ್ದ ಒಂದು ಅಚ್ಚಿನ ಮೇಲೆ ಬಿತ್ತು.

ಅದು ‘ಳ್ಳು’. ಎಷ್ಟೋ ದಿನದಿಂದ ಅವನನ್ನು ಕಾಡಿದ ಅಕ್ಷರ. ಪಾದವಿರುವ ಅಕ್ಷರದ ಕೆಳಗೆ ಒತ್ತು ಬಂದರೆ, ಮೇಲಿನದರ ಪಾದ ಕೆಳಗಿನದರ ತಲೆಯನ್ನು ತುಳಿಯುತ್ತಿತ್ತು. ಎಷ್ಟು ಕೆತ್ತಿದರೂ ತುಳಿಯುತ್ತಿತ್ತು. ಕೊನೆಗೆ ಅಂದು ಬೆಳಗ್ಗೆ ಮೇಲಿನ ಪಾದವನ್ನು ಕೊಂಚ ಓರೆಗೆ ಸರಿಸಿ, ಒತ್ತಿನ ತಲೆಯನ್ನು ಆ ಸಂದಿಯಲ್ಲಿ ಏರಿಸಿ ಕೂರಿಸಿದ್ದ. ತಾಯಿಯ ಮಡಿಲಲ್ಲಿ ಕೂಸು ಕೂತ ಹಾಗೆ ಕೂತಿತ್ತು. ಇನ್ನೂ ಮಸಿ ಕಂಡಿರಲಿಲ್ಲ. ಅದನ್ನು ಗೋಡೆಯ ಮೇಲೆ ಒಂದು ಸಲ ನೋಡಬೇಕು ಎಂಬ ಆಸೆ ಆಚಾರಿಯ ಕೈಬೆರಳುಗಳಲ್ಲಿ ಹರಿದಾಡಿತು. ಬೇರೆ ಯಾವ ಮಾತಿನಲ್ಲಿ ‘ಳ್ಳು’ ಇಷ್ಟು ಚೆನ್ನಾಗಿ ನಡುಮಧ್ಯೆ ಬರುತ್ತದೆ?

“ಆಗಲಿ ಸ್ವಾಮಿ,” ಎಂದ.

ನೀರಗಂಟಿ ಸುಳ್ಳುಗಾರ.

ಗೋಡೆಯ ನಟ್ಟನಡುವೆ, ಬೇರೆಲ್ಲ ಮಾತುಗಳಿಗಿಂತ ಎತ್ತರಕ್ಕೆ ಅದು ನಿಂತಿತು. ಮೋನಮ್ಮ ಆ ದಿನ ಮಸಿ ಅರೆದುಕೊಡಲಿಲ್ಲ. ಆಚಾರಿ ಹಳೆಯ ಮಸಿಗೇ ನೀರು ಹಾಕಿಕೊಂಡ. ಆದರೂ ಕಪ್ಪು ಕಪ್ಪಾಗಿಯೇ ಬಂತು. ‘ಳ್ಳು’ ಅವನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು.

ಊರು ಕೂಗಿತು. ನೀರಗಂಟಿಯನ್ನು ಬಲ್ಲವರು ಕೂಗಿದರು, ಅವನ ನೀರು ಉಂಡ ಗದ್ದೆಯವರು ಕೂಗಿದರು. ಕೂಗುವಾಗ ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಗೋಡೆಯಲ್ಲಿತ್ತು, ಹೇಳಿದರು. ಆದರೆ ದಿನವೂ ಹೇಳಿದ್ದು ಎಲ್ಲಿಗೆ ಹೋಗುತ್ತದೆ? ಸ್ವಲ್ಪ ದಿನದಲ್ಲಿ ನೀರಗಂಟಿ ಎದುರಿಗೆ ಬಂದರೆ ಜನ ಮೆಲ್ಲಗೆ ಪಕ್ಕಕ್ಕೆ ಸರಿಯತೊಡಗಿದರು.

ನೀರಗಂಟಿಯೂ ಗೋಡೆಯ ಮುಂದೆ ಹಾಯಬೇಕಲ್ಲ. ಅವನು ಹೆಗಲ ಮೇಲೆ ಗುದ್ದಲಿ ಹೊತ್ತು ಬರುವನು. ನಿಲ್ಲುವನು. ಮುಖ ಎತ್ತಿ, “ನೀರಗಂಟಿ ಸುಳ್ಳುಗಾರ!” ಎಂದು ಕಟ್ಟಳೆಯಂತೆ ಕೂಗುವನು. ಅದರ ಮೇಲೆ ಎಣ್ಣೆಯನ್ನೂ ಎಮ್ಮೆಯನ್ನೂ ಕೂಗಿ ಕೆರೆಗೆ ಹೋಗುವನು. ಅವನ ಹಿಂದೆ ಬುತ್ತಿ ಹಿಡಿದು ಗಂಗಿ. ಅವಳ ಎದೆಗೂಡು ಎಷ್ಟು ಸಣ್ಣದು! ಅದರಿಂದ ಅಷ್ಟು ದಪ್ಪ ದನಿ ಎದ್ದು ಬರುವಾಗ ಹುಡುಗಿ ಹೆಬ್ಬೆರಳ ಮೇಲೆ ನಿಲ್ಲುತ್ತಿದ್ದಳು. “ನೀರಗಂಟಿ ಸುಳ್ಳುಗಾರ!” ಕೂಗಿ ಮುಗಿಸಿ, ಅಪ್ಪನ ಪಂಚೆಯ ಚುಂಗು ಹಿಡಿದುಕೊಂಡು ನಡೆಯುತ್ತಿದ್ದಳು.

ಆಚಾರಿ ಮನೆಯ ಹೊಸ್ತಿಲಲ್ಲಿ ನಿಂತಿದ್ದವನು ಅದನ್ನು ಕೇಳಿದ. ಒಳಗೆ ಹೋಗಿ ಕಿವಿ ಮುಚ್ಚಿಕೊಂಡ. ಮುಚ್ಚಿಕೊಂಡರೂ ಕೇಳಿತು. ಮರುದಿನ ಯಜಮಾನರ ಮನೆಗೆ ಹೋದ.

“ಆ ಮಾತು ತೆಗೀಲಾ ಸ್ವಾಮಿ? ಎಲ್ಲರೂ ಓದಿದ್ದಾಯ್ತು.”

“ಯಾಕೆ ತೆಗೀತೀಯ? ಎಷ್ಟು ಚೆನ್ನಾಗಿ ಕೆತ್ತಿದ್ದೀಯ! ನೋಡ್ತಾ ಇದ್ದರೆ ನಿಜ ಅನ್ಸತ್ತೆ.”

ಆಚಾರಿ ತಿರುಗಿ ಬಂದ. ಅಂಗಳದಿಂದ ಹಿತ್ತಿಲಿಗೆ, ಹಿತ್ತಿಲಿಂದ ಅಂಗಳಕ್ಕೆ ತಿರುಗಿದ. ನೀರಗಂಟಿಯ ಮನೆಗೆ ಹೋಗಬೇಕೆಂದು ಹೊರಟು ಅರ್ಧ ದಾರಿಯಿಂದ ಹಿಂದಕ್ಕೆ ಬಂದ. ಹೋಗಿ ಏನನ್ನುವುದು? ತನ್ನ ಗಂಟಲೂ ಊರಿನದರ ಹಾಗೇ ಆಗಿತ್ತು. ತಪ್ಪಾಯಿತು ಎಂದರೂ ಡಂಗುರ ಹೊಡೆದ ಹಾಗೆ ಕೇಳುತ್ತಿತ್ತು.

ಅವನು ಹೋಗಲಿಲ್ಲ. ನೀರಗಂಟಿಯೇ ಬಂದ. ಹಗಲು ಬಿಸಿಲಿನಲ್ಲಿ, ಮೈಯೆಲ್ಲ ಕೆಸರು. ಹಿಂದೆ ಒಂದು ಕೈಗಾಡಿ ತುಂಬ ಜೇಡಿಮಣ್ಣು, ಅದರ ಮೇಲೆ ಕೂತ ಗಂಗಿ.

“ಏರಿ ಬಿರುಕು ಬಿಟ್ಟಿದೆ. ಇನ್ನು ಮಣ್ಣು ಹಾಕಿ ನಿಲ್ಲಿಸೋ ಕಾಲ ಹೋಯ್ತು. ಎಲ್ಲರನ್ನೂ ಗುಡ್ಡಕ್ಕೆ ಹತ್ತಿಸಿ. ನಾನು ಆ ಕಡೆ ಪಾಳುಭೂಮಿ ಬದಿಗೆ ಏರಿ ಕಡೀತೀನಿ, ಅರ್ಧ ನೀರಾದರೂ ಅತ್ತ ಹೋಗಲಿ. ಇವಳನ್ನ ನೋಡ್ಕೊಳ್ಳಿ.” ಗಂಗಿಯನ್ನು ಇಳಿಸಿ ಮೋನಮ್ಮನ ಕೈಗೆ ಕೊಟ್ಟ. ಗಾಡಿಯನ್ನು ಅಲ್ಲೇ ಬಿಟ್ಟು ಗುದ್ದಲಿ ಹಿಡಿದು ಓಡಿದ. ಅವನು ಗೋಡೆಯ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

ಆಚಾರಿ ಅಚ್ಚುಗಳನ್ನು ಬಾಚಿಕೊಂಡು ಗೋಡೆಗೆ ಓಡಿದ. ಎಣ್ಣೆಯ ಮೇಲೆ, ಎಮ್ಮೆಯ ಮೇಲೆ, ಸಿಕ್ಕಿದ್ದರ ಮೇಲೆ ಒತ್ತಿದ. ಅವನಲ್ಲಿದ್ದ ಅತಿ ದೊಡ್ಡ, ಅತಿ ಕಪ್ಪು ಅಕ್ಷರಗಳು.

ಏರಿ ಒಡೆಯುತ್ತಿದೆ. ಗುಡ್ಡ ಹತ್ತಿ.

ಜನ ಬಂದರು. ಬಾಯಿ ತೆರೆದರು. “ಏರಿ ಒಡೆಯುತ್ತಿದೆ! ಗುಡ್ಡ ಹತ್ತಿ!” ಎಂದು ಊರು ನಡುಗುವ ಹಾಗೆ ಕೂಗಿದರು. ಕೂಗಿ, ಪಕ್ಕದಲ್ಲಿದ್ದ ಎಣ್ಣೆಯನ್ನು ಕೂಗಿದರು. ಎಮ್ಮೆಯನ್ನು ಕೂಗಿದರು. ಸಂತೆಗೆ ಹೋಗುವವರು ಸಂತೆಗೆ ಹೋದರು, ಮನೆಗೆ ಹೋಗುವವರು ಮನೆಗೆ ಹೋದರು.

ಆಚಾರಿ ಒಬ್ಬನ ತೋಳು ಹಿಡಿದು ಜಗ್ಗಿದ. “ಅಯ್ಯೋ, ಕೇಳು, ಏರಿ ಒಡೆಯುತ್ತಿದೆ!”

“ಏರಿ ಒಡೆಯುತ್ತಿದೆ!” ಎಂದು ಅವನು ಆಚಾರಿಯ ಮುಖಕ್ಕೇ ಕೂಗಿ, ತೋಳು ಬಿಡಿಸಿಕೊಂಡು, “ಓದಿದೆನಲ್ಲ ಆಚಾರ್ರೇ,” ಎಂದು ಹೊರಟುಹೋದ.

ಆಚಾರಿ ಇನ್ನೊಬ್ಬರನ್ನು ಹಿಡಿದ. ಮತ್ತೊಬ್ಬರನ್ನು ಹಿಡಿದ. ಎಲ್ಲರೂ ಅವನ ಮಾತನ್ನು ಅವನಿಗೇ ಕೂಗಿ ಹೋದರು. ಯಜಮಾನರೂ ಬಂದರು, ಕಟ್ಟಳೆಯಂತೆ ಕೂಗಿದರು: “ನೀರಗಂಟಿ ಸುಳ್ಳುಗಾರ! ಏರಿ ಒಡೆಯುತ್ತಿದೆ!” ಎರಡಕ್ಕೂ ಒಂದೇ ದನಿ. ಆಚಾರಿ ಗೋಡೆಗೆ ಬೆನ್ನು ಕೊಟ್ಟು ಕುಸಿದ. ಬೆನ್ನಿಗೆ ಹಸಿ ಮಸಿ ಅಂಟಿತು.

ಆಗ ಮೋನಮ್ಮ ಗಾಡಿ ಎಳೆದುಕೊಂಡು ಬಂದಳು. ಒಂದು ಕಡೆ ಅವಳು, ಇನ್ನೊಂದು ಕಡೆ ಗಂಗಿ. ಗಾಡಿಯಲ್ಲಿ ನೀರಗಂಟಿ ಬಿಟ್ಟುಹೋದ ಹಸಿ ಜೇಡಿಮಣ್ಣು.

“ಏಳಿ,” ಎಂದಳು ಗಂಡನಿಗೆ.

“ಏನು ಮಾಡ್ತೀಯೆ?”

ಅವಳು ಎರಡು ಕೈ ತುಂಬ ಮಣ್ಣು ತೆಗೆದು ಗೋಡೆಗೆ ಬಡಿದಳು. ಅಂಗೈಯಿಂದ ಎಳೆದು ಸಾರಿಸಿದಳು. ಎಣ್ಣೆ ಹೋಯಿತು. ಎಮ್ಮೆ ಹೋಯಿತು. ಗಂಗಿ ಕೈಗೆಟುಕುವಷ್ಟು ಎತ್ತರಕ್ಕೆ ಮೆತ್ತಿದಳು. ಮೋನಮ್ಮ ನಡುಮಧ್ಯೆ ಬಂದಳು. ‘ನೀರಗಂಟಿ’ ಹೋಯಿತು. ‘ಸು’ ಹೋಯಿತು. ‘ಳ್ಳು’ ಬಂದಾಗ ಆಚಾರಿ ಎದ್ದ. ಮೋನಮ್ಮ ತಿರುಗಿ ನೋಡಿದಳು. ಅವನು ತಾನೇ ಮಣ್ಣು ಎತ್ತಿಕೊಂಡು, ತಾನೇ ಮೆತ್ತಿದ. ಮೂವರೂ ಸೇರಿ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಸಾರಿಸಿದರು. ಏರಿ ಒಡೆಯುತ್ತಿದೆ ಎಂಬ ಮಾತನ್ನೂ ಉಳಿಸಲಿಲ್ಲ.

ನೀರಿನ ಕೊಡ ಹೊತ್ತವಳೊಬ್ಬಳು ಬಂದಳು. ಬಾಯಿ ತೆರೆದಳು. ಗೋಡೆಯ ಮೇಲೆ ಏನೂ ಇರಲಿಲ್ಲ. ತೆರೆದ ಬಾಯಿ ತೆರೆದೇ ಇತ್ತು. ಓದದೆ ಹಾಯುವುದು ಹೇಗೆ? ಅವಳು ನಿಂತಳು. ಅವಳ ಹಿಂದಿದ್ದವರೂ ನಿಂತರು. ದನ ಹೊಡೆದುಕೊಂಡು ಬಂದವರು ದನಗಳ ಜೊತೆ ನಿಂತರು. ಸಂತೆಯಿಂದ ಬಂದವರು ನಿಂತರು. ಯಾಕೆ ಕೂಗು ನಿಂತಿತೆಂದು ಮನೆಗಳಿಂದ ಎದ್ದು ಬಂದವರು ನಿಂತರು. ಊರಿಗೆ ಊರೇ ಖಾಲಿ ಗೋಡೆಯ ಮುಂದೆ ಬಾಯಿ ತೆರೆದು ನಿಂತಿತು. ಯಾರ ಬಾಯಿಂದಲೂ ಏನೂ ಬರಲಿಲ್ಲ. ಎಷ್ಟೋ ಕಾಲದ ಮೇಲೆ ಆ ಊರಿನಲ್ಲಿ ಸದ್ದಿರಲಿಲ್ಲ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸಿತು. ಒಂದು ಎತ್ತು ಕಿವಿ ಬಡಿದದ್ದು ಕೇಳಿಸಿತು.

ಆಮೇಲೆ ಇನ್ನೊಂದು ಕೇಳಿಸಿತು. ದೂರದಿಂದ, ಮೇಲ್ಗಡೆಯಿಂದ. ಯಾರೋ ತುಂಬಾ ದೊಡ್ಡ ಬಟ್ಟೆಯೊಂದನ್ನು ಮೆಲ್ಲಗೆ ಹರಿಯುತ್ತಿರುವ ಹಾಗೆ.

ಗಂಗಿ ಕೆಸರಿನ ಕೈಗಳನ್ನು ಲಂಗಕ್ಕೆ ಒರೆಸಿಕೊಳ್ಳುತ್ತಾ ತಲೆ ಎತ್ತಿದಳು.

“ನೀರು,” ಎಂದಳು. ಅವಳದೇ ಸಣ್ಣ ದನಿಯಲ್ಲಿ.

ಎಲ್ಲರಿಗೂ ಕೇಳಿಸಿತು.

ಯಾರೂ ಕೂಗಲಿಲ್ಲ. ತಾಯಂದಿರು ಮಕ್ಕಳನ್ನು ಎತ್ತಿಕೊಂಡರು, ಗಂಡಸರು ಮುದುಕರನ್ನು ಹೊತ್ತುಕೊಂಡರು, ದನಗಳ ಹಗ್ಗ ಬಿಚ್ಚಿದರು. ಊರು ಗುಡ್ಡ ಹತ್ತಿತು. ಕೊನೆಯವರು ಅರ್ಧ ಏರುವಾಗ ಕೆಳಗೆ ನೀರು ಬಂತು. ಕಂದು ಬಣ್ಣದ, ಮರಗಳನ್ನು ಹೊತ್ತ ನೀರು. ಕೆಳಗೇರಿ ಹೋಯಿತು. ಊರಬಾಗಿಲು ಹೋಯಿತು. ಮಣ್ಣಿನ ಗೋಡೆ ನಿಂತಲ್ಲೇ ಕರಗಿ ಕೂತುಬಿಟ್ಟಿತು. ಆಚಾರಿಯ ಮನೆಯೂ ಹೋಯಿತು, ಅವನ ಅಚ್ಚುಗಳೂ ಹೋದವು. ಆದರೆ ನೀರು ಮೇಲುಗೇರಿಗೆ ಬರಲಿಲ್ಲ. ಅದರ ಇನ್ನೊಂದು ಪಾಲು ದೂರದಲ್ಲಿ ಪಾಳುಭೂಮಿಯ ಕಡೆಗೆ ಬಿಸಿಲಿನಲ್ಲಿ ಮಿರುಗುತ್ತಾ ಹರಿಯುತ್ತಿತ್ತು. ಯಾರೋ ಏರಿಯನ್ನು ಆ ಕಡೆಗೆ ಕಡಿದಿದ್ದರು. ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಗಂಗಿ ಬಂಡೆಯ ಮೇಲೆ ನಿಂತು ಆ ಕಡೆಗೇ ನೋಡುತ್ತಿದ್ದಳು. ಮೋನಮ್ಮ ಅವಳ ಭುಜದ ಮೇಲೆ ಕೈಯಿಟ್ಟಿದ್ದಳು. ನೀರು ಇಳಿಯುತ್ತಾ ಬಂದು, ಬಿಸಿಲು ಹಳದಿಯಾಗುವ ಹೊತ್ತಿಗೆ ಗುಡ್ಡದ ಹಿಂಬದಿಯಿಂದ ನೀರಗಂಟಿ ಹತ್ತಿಬಂದ. ಗುದ್ದಲಿ ಇರಲಿಲ್ಲ. ಒಂದು ಕೈ ಜೋತುಬಿದ್ದಿತ್ತು.

ಜನ ಎದ್ದು ನಿಂತರು. ಅವನನ್ನು ಕರೆಯಬೇಕು, ಏನಾದರೂ ಒಳ್ಳೆಯದನ್ನು ಹೇಳಬೇಕು ಎಂದು ಎಲ್ಲರ ಎದೆಯೂ ತುಂಬಿಬಂತು. ಎಲ್ಲರೂ ಬಾಯಿ ತೆರೆದರು.

“ನೀರಗಂಟಿ—” ಎಂದು ಶುರುವಾಯಿತು. ನಾಲಗೆಗಳಿಗೆ ಮುಂದಿನ ದಾರಿ ಒಂದೇ ಗೊತ್ತಿತ್ತು. “—ಸುಳ್ಳುಗಾರ!”

ಗುಡ್ಡ ಅದನ್ನು ತಿರುಗಿ ಹೇಳಿತು. ಜನ ಕೈಯಿಂದ ಬಾಯಿ ಮುಚ್ಚಿಕೊಂಡರು. ಒಬ್ಬ ಮುದುಕ ತನ್ನ ಬಾಯಿಗೆ ತಾನೇ ಹೊಡೆದುಕೊಂಡ. ಯಜಮಾನರು ಹೆಗಲ ವಸ್ತ್ರವನ್ನು ಬಾಯಿಗೆ ತುರುಕಿಕೊಂಡು ಮುಖ ತಿರುಗಿಸಿದರು. ನೀರಗಂಟಿ ನಿಂತಲ್ಲೇ ನಿಂತ. ಮುಂದೆ ಬರುವುದೋ ಬೇಡವೋ ಎಂಬಂತೆ ಅವರನ್ನು ನೋಡಿದ.

ಮೋನಮ್ಮ ಅವನ ಹತ್ತಿರ ಹೋದಳು.

“ಅಣ್ಣಾ, ನಿನ್ನ ಹೆಸರೇನು?”

ಅವನಿಗೆ ತಕ್ಷಣ ಹೊಳೆಯಲಿಲ್ಲ. ಯೋಚಿಸಿದ.

“ನಮ್ಮವ್ವ ಕರಿಬಸ ಅಂತಿದ್ದಳು.”

“ಕರಿಬಸಣ್ಣಾ, ಬಾ. ಕೂತ್ಕೊ. ನೀರು ಕುಡಿ.”

ಅವನು ಬಂದು ಕೂತ. ಗಂಗಿ ಅವನ ತೊಡೆಯ ಮೇಲೆ ತಲೆಯಿಟ್ಟಳು. ಜನ ಒಬ್ಬೊಬ್ಬರಾಗಿ ದೂರದಲ್ಲೇ ಕೂತು ಆ ಹೆಸರನ್ನು ಬಾಯೊಳಗೆ ಹೇಳಿ ನೋಡಿಕೊಂಡರು. ಕರಿಬಸ. ಕರಿಬಸ. ಕೆಲವರದು ಜೋರಾಗಿ ಬಂದುಬಿಡುತ್ತಿತ್ತು. ಅವರು ನಿಲ್ಲಿಸಿ, ಉಸಿರು ತೆಗೆದುಕೊಂಡು, ಮತ್ತೆ ಹೇಳುತ್ತಿದ್ದರು.

ಆಚಾರಿ ಎಲ್ಲರಿಗಿಂತ ಹಿಂದೆ ಕೂತಿದ್ದ. ಕೊನೆಗೆ ಎದ್ದು ಬಂದು ಕರಿಬಸನ ಎದುರಿಗೆ ಮಂಡಿಯೂರಿ ಕೂತ. ಬಾಯಿ ತೆರೆದ. ತಪ್ಪಾಯಿತು ಎಂಬ ಮಾತು ಡಂಗುರದ ಹಾಗೆ ಹೊರಗೆ ಬಿತ್ತು. ಗುಡ್ಡದ ಮೇಲಿದ್ದವರೆಲ್ಲ ತಿರುಗಿ ನೋಡಿದರು, ನಿದ್ದೆಗಣ್ಣಿನಲ್ಲಿದ್ದ ಗಂಗಿ ಬೆಚ್ಚಿದಳು. ಅವನು ತುಟಿ ಕಚ್ಚಿಕೊಂಡ. ಇನ್ನೊಮ್ಮೆ ಪ್ರಯತ್ನಿಸಿದ. ಆಗಲೂ ದಪ್ಪಗೇ ಬಂತು. ಅವನ ಕಣ್ಣಲ್ಲಿ ನೀರು ಬಂತು. ಮತ್ತೆ ಮತ್ತೆ ಅದೇ ಮಾತನ್ನು ಎತ್ತಿದ, ಇಳಿಸಿದ, ಅದರ ಭಾರವನ್ನು ಒಂದೊಂದೇ ಪದರವಾಗಿ ತೆಗೆಯುತ್ತಾ ಹೋದ. ಕರಿಬಸ ಅವಸರ ಮಾಡಲಿಲ್ಲ. ಬೆಳಕು ಇಳಿಯುತ್ತಿದ್ದ ಹಾಗೆ ಆಚಾರಿ ಮುಂದಕ್ಕೆ ಬಾಗಿ, ಅವನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ.

ಈ ಸಲ ಅದು ಬೇರೆ ಯಾರಿಗೂ ಕೇಳಿಸಲಿಲ್ಲ. ಕರಿಬಸ ಮಗಳ ತಲೆಯನ್ನು ಮೆಲ್ಲಗೆ ಎತ್ತಿ, ಬಂಡೆಯ ಮೇಲೆ ಪಕ್ಕಕ್ಕೆ ಸರಿದು, ಅವನಿಗೆ ಜಾಗ ಬಿಟ್ಟ.